ಯಂತ್ರಕ್ಕೆ ಕಣ್ಣು ಕೊಡುವ ಮಕ್ಕಳು

ಸಾಗರ, ಹೊಸನಗರ, ತೀರ್ಥಹಳ್ಳಿ ಇವು ಶಿವಮೊಗ್ಗ ಜಿಲ್ಲೆಯ ಪಡುವಣ ಅಂಚಿನಲ್ಲಿ ಸಹ್ಯಾದ್ರಿಯ ಮಡಿಲನ್ನು ಆಶ್ರಯಿಸಿಕೊಂಡಿರುವ ಮೂರು ತಾಲ್ಲೂಕುಗಳು. ಶರಾವತಿ ನದಿ ಹುಟ್ಟುವ ಅಂಬುತೀರ್ಥವೂ, ಮಳೆಗೆ ಹೆಸರಾದ ಆಗುಂಬೆಯೂ, ಜೋಗದ ಜಲಪಾತವೂ ಇರುವುದು ಈ ಸೀಮೆಯಲ್ಲಿಯೇ. ಗುಡ್ಡದ ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅದರ ಬುಡದ ಕಣಿವೆಯಲ್ಲಿ ಅಡಕೆಯ ತೋಟ, ತೋಟದ ಅಂಚಿನಲ್ಲಿ ಮನೆ, ಮನೆಯ ಮುಂದೆ ವಿಶಾಲವಾದ ಅಂಗಳ: ಇದು ಇಲ್ಲಿನ ಬದುಕಿನ ಚೌಕಟ್ಟು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದಿಲ್ಲ. ಈ ಮಳೆಯೇ ತೋಟದ ಜೀವಾಳ. ಈ ಮಳೆಯೇ ತೋಟದ ಶತ್ರುವೂ ಹೌದು.

ಹಗಲಿರುಳು ಎಡೆಬಿಡದೆ ಮಳೆ ಸುರಿದಾಗ ಅಡಕೆಯ ಎಳೆಗಾಯಿಗಳಿಗೆ ಕೊಳೆರೋಗ ತಗಲುತ್ತದೆ. ಶಿಲೀಂಧ್ರವನ್ನು ಹೋಲುವ ಒಂದು ಸೂಕ್ಷ್ಮಜೀವಿ ಇದಕ್ಕೆ ಕಾರಣ. ಕಾಯಿಗಳು ಕೊಳೆತು ಉದುರುತ್ತವೆ. ವರ್ಷದ ದುಡಿಮೆ ಕೆಲವೇ ದಿನಗಳಲ್ಲಿ ಮಣ್ಣುಪಾಲಾಗುತ್ತದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಉಪಾಯವನ್ನು ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಮು ಮೈಲುತುತ್ತ, ಒಂದು ಕಿಲೋಗ್ರಾಮು ಸುಣ್ಣ: ಇದು ಇಂದಿಗೂ ರೈತರ ನಾಲಗೆಯ ಮೇಲಿರುವ ಲೆಕ್ಕ. ಮಳೆ ಹಿಡಿಯುವ ಮುನ್ನ ಒಮ್ಮೆ, ಅನಂತರ ನಲವತ್ತು ನಲವತ್ತೈದು ದಿನಗಳಿಗೆ ಇನ್ನೊಮ್ಮೆ ಈ ಔಷಧಿ ಗೊನೆಗಳಿಗೆ ತಲುಪಬೇಕು.

ಔಷಧಿ ದೊರೆಯಿತು, ಆದರೆ ಅದನ್ನು ಗೊನೆಯವರೆಗೆ ಒಯ್ಯುವವರು ಯಾರು? ಐವತ್ತು ಅರವತ್ತು ಅಡಿ ಎತ್ತರದ, ತೋಳಿನ ತೆಕ್ಕೆಯೊಳಗೆ ಸುಲಭವಾಗಿ ಅಡಗುವಷ್ಟು ಸಣ್ಣ ಕಾಂಡದ ಮರವನ್ನು, ಕಾಲಿಗೆ ತಳೆ ಹಾಕಿಕೊಂಡು ಕೊನೆಗಾರನು ಏರುತ್ತಾನೆ. ಒಂದು ಮರದ ಕೆಲಸ ಮುಗಿದ ಮೇಲೆ ನೆಲಕ್ಕಿಳಿಯದೆ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುವ ಅವನ ಚಾತುರ್ಯವನ್ನು ಕಂಡವರು ಬೆರಗಾಗದೆ ಇರಲಾರರು. ಆದರೆ ಪಾಚಿ ಕಟ್ಟಿದ ಕಾಂಡದ ಮೇಲೆ ಒಮ್ಮೆ ಕಾಲು ಜಾರಿದರೆ ಅವನೊಬ್ಬನು ಮಾತ್ರವಲ್ಲ, ಅವನನ್ನು ನಂಬಿದ ಸಂಸಾರವೇ ನೆಲಕ್ಕೆ ಬೀಳುತ್ತದೆ. ಇಂಥ ಅಪಾಯದ ಕೆಲಸಕ್ಕೆ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಲ್ಲಿ ಆಶ್ಚರ್ಯವೇನು?

ಮನುಷ್ಯನ ಬದಲು ಯಂತ್ರವೊಂದು ಈ ಮರವನ್ನು ಏರಬಾರದೇಕೆ? ತೋಟದ ಬದುವಿನ ಮೇಲೆ ನಡೆದು ಶಾಲೆಗೆ ಹೋಗುವ ಬಾಲಕನಿಗಾಗಲಿ ಬಾಲಕಿಗಾಗಲಿ ಈ ಪ್ರಶ್ನೆ ಹೊಳೆಯುವುದು ಸಹಜ. ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ, ಇಂದು ದೇಶವಿದೇಶಗಳಲ್ಲಿ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿರುವ ರೋಬಾಟ್ ಸ್ಪರ್ಧೆಗಳ ಅರ್ಥವೇನು, ಅವುಗಳಿಂದ ಮಕ್ಕಳು ಕಲಿಯುವುದೇನು ಎಂಬುದನ್ನು ಪರಿಶೀಲಿಸುವುದು ಉಚಿತ.

ರೋಬಾಟ್ ಎಂಬ ಶಬ್ದ ಹುಟ್ಟಿದ್ದು ಕಾರ್ಖಾನೆಯಲ್ಲಿ ಅಲ್ಲ, ರಂಗಭೂಮಿಯಲ್ಲಿ. ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ, ಮನುಷ್ಯರ ಎಲ್ಲ ದುಡಿಮೆಯನ್ನೂ ಮಾಡಲೆಂದು ತಯಾರಿಸಿದ ಕೃತಕ ಜೀವಿಗಳಿಗೆ ಈ ಹೆಸರು ಬಂದಿತು. ಹೆಸರನ್ನು ಸೂಚಿಸಿದವನು ಆತನ ಅಣ್ಣ ಜೋಸೆಫ್. ಆ ಭಾಷೆಯಲ್ಲಿ ‘ರೋಬೋಟ’ ಎಂದರೆ ಒಡೆಯನಿಗಾಗಿ ಕೂಲಿಯಿಲ್ಲದೆ ಮಾಡಲೇಬೇಕಾದ ಬಿಟ್ಟಿ ಚಾಕರಿ. ಕನ್ನಡದಲ್ಲಿ ಇದನ್ನು ‘ಯಂತ್ರಮಾನವ’ ಎಂದು ಕರೆಯುವುದು ರೂಢಿಯಾಗಿದೆ. ಆದರೆ ಈ ಹೆಸರು ತುಸು ದಾರಿತಪ್ಪಿಸುವಂಥದು. ಎರಡು ಕಾಲು, ಎರಡು ಕೈ, ಒಂದು ತಲೆ ಇದ್ದ ಮಾತ್ರಕ್ಕೆ ಬೊಂಬೆಯು ರೋಬಾಟ್ ಆಗುವುದಿಲ್ಲ. ಮನುಷ್ಯನ ಆಕಾರ ಇಲ್ಲದಿರುವುದರಿಂದ ರೋಬಾಟಿಗೆ ಕೊರತೆಯೂ ಉಂಟಾಗುವುದಿಲ್ಲ. ೧೯೬೧ರಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತ ‘ಯೂನಿಮೇಟ್’ ಎಂಬ ಮೊದಲ ಕೈಗಾರಿಕಾ ರೋಬಾಟ್ ಕೇವಲ ಒಂದು ತೋಳಾಗಿತ್ತು. ಅಚ್ಚಿನಿಂದ ಹೊರಬರುವ ಸುಡುವ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸ.

ಹಾಗಾದರೆ ರೋಬಾಟಿನ ನಿಜವಾದ ಲಕ್ಷಣ ಯಾವುದು? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಲೆನಾಡಿನ ಕೆಲವು ಗದ್ದೆಗಳಲ್ಲಿ ಕಾಡುಹಂದಿಯನ್ನು ಬೆದರಿಸಲು ರೈತರು ಹೂಡುತ್ತಿದ್ದ ಒಂದು ಉಪಾಯವನ್ನು ನೆನೆದರೆ ಸಾಕು. ಹರಿಯುವ ನೀರಿನ ಬಾಯಿಗೆ ಒಂದು ಬಿದಿರಿನ ದಬ್ಬೆಯನ್ನು ತೂಗುವಂತೆ ಕಟ್ಟುತ್ತಾರೆ. ದಬ್ಬೆಯ ಒಂದು ತುದಿಯಲ್ಲಿ ನೀರು ತುಂಬಿದಾಗ ಅದು ಬಾಗಿ ನೀರನ್ನು ಚೆಲ್ಲುತ್ತದೆ; ಹಗುರಾಗಿ ಹಿಂದಕ್ಕೆ ಮರಳುವಾಗ ಇನ್ನೊಂದು ತುದಿ ತಗಡಿನ ಡಬ್ಬಕ್ಕೆ ಬಡಿದು ಸದ್ದು ಮಾಡುತ್ತದೆ. ರಾತ್ರಿಯೆಲ್ಲ ಯಾರ ನೆರವೂ ಇಲ್ಲದೆ ಇದು ನಡೆಯುತ್ತಿರುತ್ತದೆ. ಇದು ಸ್ವಯಂಚಾಲಿತ ಯಂತ್ರವೇ ಸರಿ. ಆದರೆ ಹಂದಿ ಬಂದಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಹಂದಿ ಬಂದರೂ ಅಷ್ಟೇ ಸದ್ದು, ಬಾರದಿದ್ದರೂ ಅಷ್ಟೇ ಸದ್ದು. ಕೆಲವು ದಿನಗಳಲ್ಲಿ ಹಂದಿಗೆ ಈ ಗುಟ್ಟು ತಿಳಿದುಹೋದರೆ ಯಂತ್ರದ ಭಯವೂ ಹೋಗುತ್ತದೆ.

ಈ ದಬ್ಬೆಗೆ ಮೂರು ಅಂಗಗಳನ್ನು ಕೊಟ್ಟೆವೆಂದು ಭಾವಿಸೋಣ. ಹಂದಿಯ ಬರವನ್ನು ಅರಿಯುವ ಕಣ್ಣು ಅಥವಾ ಕಿವಿ ಒಂದು; ಬಂದದ್ದು ಹಂದಿಯೋ ಮನೆಯ ದನವೋ ಎಂದು ತೀರ್ಮಾನಿಸುವ ಬುದ್ಧಿ ಇನ್ನೊಂದು; ತೀರ್ಮಾನಕ್ಕೆ ತಕ್ಕಂತೆ ಸದ್ದು ಮಾಡುವ ಇಲ್ಲವೆ ಸುಮ್ಮನಿರುವ ಕೈ ಮತ್ತೊಂದು. ಆಗ ಅದು ರೋಬಾಟ್ ಎನಿಸಿಕೊಳ್ಳುತ್ತದೆ. ಅರಿಯುವುದು, ಆಲೋಚಿಸುವುದು, ಆಚರಿಸುವುದು: ಈ ಮೂರು ಒಂದಕ್ಕೊಂದು ಹೆಣೆದುಕೊಂಡು ಚಕ್ರದಂತೆ ಮತ್ತೆ ಮತ್ತೆ ನಡೆಯುವುದೇ ರೋಬಾಟಿನ ತಿರುಳು. ಅರಿಯುವ ಅಂಗಕ್ಕೆ ಸಂವೇದಕವೆಂದು ಹೆಸರು. ಆಲೋಚಿಸುವ ಅಂಗ ಬೆರಳಿನಗಲದ ಒಂದು ಪುಟ್ಟ ಗಣಕ. ಆಚರಿಸುವ ಅಂಗ ಸಾಮಾನ್ಯವಾಗಿ ವಿದ್ಯುತ್ ಮೋಟಾರು.

ಕರ್ನಾಟಕದ ನೆಲದೊಡನೆ ನಂಟುಳ್ಳ ಒಂದು ರೋಬಾಟು ಈಗ ಚಂದ್ರನ ಮೇಲಿದೆ. ಬೆಂಗಳೂರಿನಲ್ಲಿ ರೂಪುಗೊಂಡು, ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ರ ನೌಕೆಯೊಡನೆ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ‘ಪ್ರಜ್ಞಾನ್’ ಎಂಬ ಆರು ಗಾಲಿಯ ಬಂಡಿಯ ತೂಕ ಸುಮಾರು ೨೬ ಕಿಲೋಗ್ರಾಮು. ಆಗಸ್ಟ್ ೨೭ರಂದು ಅದರ ದಾರಿಯಲ್ಲಿ ಮೂರು ಮೀಟರು ಮುಂದೆ, ನಾಲ್ಕು ಮೀಟರು ಅಗಲದ ಒಂದು ಕುಳಿ ಎದುರಾಯಿತು. ಬಂಡಿಯ ಕಣ್ಣು ಕುಳಿಯನ್ನು ಕಂಡಿತು. ಭೂಮಿಯ ಮೇಲಿದ್ದ ವಿಜ್ಞಾನಿಗಳು ಚಿತ್ರವನ್ನು ನೋಡಿ ಹಿಂದಿರುಗಲು ಆಜ್ಞೆ ಕಳುಹಿಸಿದರು. ಗಾಲಿಗಳು ಬಂದ ದಾರಿಯಲ್ಲೇ ಮರಳಿ ಬೇರೆ ದಾರಿ ಹಿಡಿದವು. ಇಲ್ಲಿ ಆಲೋಚನೆಯ ಪಾಲನ್ನು ಮನುಷ್ಯರೂ ಯಂತ್ರವೂ ಹಂಚಿಕೊಂಡರು. ಒಂದು ಚಂದ್ರರಾತ್ರಿ ಬರುವುದರೊಳಗೆ ನೂರು ಮೀಟರಿನಷ್ಟು ದೂರ ನಡೆದು ಅದು ತನ್ನ ಕರ್ತವ್ಯವನ್ನು ಮುಗಿಸಿ ಅಲ್ಲಿಯೇ ವಿಶ್ರಮಿಸಿದೆ.

ಚಂದ್ರನ ಬಂಡಿಯ ಈ ತತ್ತ್ವವನ್ನೇ ಶಾಲೆಯ ಮಕ್ಕಳು ತಮ್ಮ ಕೈಯಲ್ಲಿ ಹಿಡಿಯಬಲ್ಲರು. ಹೊಸಬರು ಮೊದಲು ಕಟ್ಟುವ ರೋಬಾಟು ಸಾಮಾನ್ಯವಾಗಿ ಗೆರೆಯ ಮೇಲೆ ನಡೆಯುವ ಬಂಡಿ. ಬಿಳಿಯ ಹಾಳೆಯ ಮೇಲೆ ಕರಿಯ ಪಟ್ಟಿಯೊಂದನ್ನು ಅಂಕುಡೊಂಕಾಗಿ ಅಂಟಿಸುತ್ತಾರೆ. ಬಂಡಿಯ ಮೂತಿಯ ಅಡಿಯಲ್ಲಿ, ಗೆರೆಯ ಎಡಕ್ಕೊಂದು ಬಲಕ್ಕೊಂದು, ಎರಡು ಪುಟ್ಟ ಕಣ್ಣುಗಳಿರುತ್ತವೆ. ಅವು ಮನುಷ್ಯರಿಗೆ ಕಾಣದ ಅವಕೆಂಪು ಬೆಳಕನ್ನು ನೆಲಕ್ಕೆ ಬೀರಿ, ಮರಳಿ ಬಂದ ಬೆಳಕನ್ನು ಅಳೆಯುತ್ತವೆ. ಬಿಳಿಯ ಹಾಳೆ ಬೆಳಕನ್ನು ಹಿಂದಿರುಗಿಸುತ್ತದೆ. ಕರಿಯ ಪಟ್ಟಿ ಅದನ್ನು ನುಂಗಿಬಿಡುತ್ತದೆ. ಎಡಗಣ್ಣಿಗೆ ಕತ್ತಲು ಕಂಡರೆ ಬಂಡಿ ಬಲಕ್ಕೆ ಸರಿದಿದೆ ಎಂದರ್ಥ. ಆಗ ಎಡ ಮೋಟಾರನ್ನು ನಿಧಾನಗೊಳಿಸಿ ಬಲ ಮೋಟಾರನ್ನು ಓಡಿಸಿದರೆ ಬಂಡಿ ಎಡಕ್ಕೆ ತಿರುಗಿ ಗೆರೆಗೆ ಮರಳುತ್ತದೆ. ಬಲಗಣ್ಣಿಗೆ ಕತ್ತಲು ಕಂಡರೆ ಇದರ ವಿಪರ್ಯಯ. ಕ್ಷಣಕ್ಕೆ ಅನೇಕ ಬಾರಿ ಈ ತಿದ್ದುಪಡಿ ನಡೆಯುವುದರಿಂದ ನೋಡುವವರಿಗೆ ಬಂಡಿ ಗೆರೆಯನ್ನು ಬಲ್ಲಂತೆ ತೋರುತ್ತದೆ.

ಕಾಗದದ ಮೇಲೆ ಇದು ಎಷ್ಟು ಸರಳ! ಆದರೆ ಕಟ್ಟಿ ನೆಲಕ್ಕೆ ಬಿಟ್ಟಾಗ ಬಂಡಿ ಗೆರೆಯನ್ನು ಬಿಟ್ಟು ಗೋಡೆಗೆ ಹೋಗಿ ಮುಟ್ಟುತ್ತದೆ. ಎರಡು ಮೋಟಾರುಗಳ ತಂತಿ ಅದಲುಬದಲಾಗಿರಬಹುದು. ಅದನ್ನು ಸರಿಪಡಿಸಿದರೆ ಬಂಡಿ ನೇರದಲ್ಲಿ ನಡೆದು ತಿರುವಿನಲ್ಲಿ ಹಾರಿಹೋಗುತ್ತದೆ, ವೇಗ ಹೆಚ್ಚಾಯಿತು. ವೇಗವನ್ನು ತಗ್ಗಿಸಿದ ಮೇಲೆ ಬೆಳಗ್ಗೆ ಚೆನ್ನಾಗಿ ಓಡಿದ ಬಂಡಿ ಮಧ್ಯಾಹ್ನ ಹಾದಿ ತಪ್ಪುತ್ತದೆ. ಕಾರಣವೇನೆಂದು ತಲೆ ಕೆಡಿಸಿಕೊಂಡವರಿಗೆ ಕೊನೆಗೆ ತಿಳಿಯುತ್ತದೆ: ಕಿಟಕಿಯಿಂದ ಬಂದ ಬಿಸಿಲಿನಲ್ಲಿಯೂ ಅವಕೆಂಪು ಬೆಳಕು ಇದೆ, ಅದು ಬಂಡಿಯ ಕಣ್ಣನ್ನು ಕೋರೈಸುತ್ತಿದೆ. ರಟ್ಟಿನ ಒಂದು ತುಂಡನ್ನು ಕಣ್ಣಿಗೆ ಮರೆ ಕಟ್ಟಿದರೆ ಬಂಡಿ ಮತ್ತೆ ಗೆರೆಗೆ ಬರುತ್ತದೆ. ಪಾಠಪುಸ್ತಕದಲ್ಲಿ ಬೆಳಕಿನ ಪ್ರತಿಫಲನವನ್ನು ಓದಿ ಮರೆತ ಮಗು ಆ ರಟ್ಟಿನ ತುಂಡನ್ನು ಜೀವಮಾನದಲ್ಲಿ ಮರೆಯಲಾರದು.

ರೋಬಾಟಿನ ಶಿಕ್ಷಣದ ಸಾರ ಇರುವುದು ಇಲ್ಲಿಯೇ. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಕೋಪವೂ ಇಲ್ಲ. ಮಗು ಮನಸ್ಸಿನಲ್ಲಿ ಏನನ್ನು ಉದ್ದೇಶಿಸಿತ್ತು ಎಂಬುದನ್ನು ಅದು ಕೇಳುವುದಿಲ್ಲ. ಏನನ್ನು ಹೇಳಿತೋ ಅಷ್ಟನ್ನೇ ಮಾಡುತ್ತದೆ. ಉತ್ತರಪತ್ರಿಕೆಯಲ್ಲಿ ತಪ್ಪಿಗೆ ಕೆಂಪು ಗೀಟು ಬಿದ್ದರೆ ಮಗುವಿನ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ಬಂಡಿ ತಪ್ಪಿದರೆ ವಿಷಯ ಅಲ್ಲಿಂದ ಆರಂಭವಾಗುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸೀಮೋರ್ ಪೇಪರ್ಟ್ ಎಂಬ ಗಣಿತಜ್ಞರು ಈ ಸತ್ಯವನ್ನು ಬಹಳ ಹಿಂದೆಯೇ ಮನಗಂಡಿದ್ದರು. ಅವರೂ ಅವರ ಸಂಗಡಿಗರೂ ೧೯೬೭ರಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಗಣಕಭಾಷೆಯನ್ನು ರೂಪಿಸಿದರು. ನೆಲದ ಮೇಲೆ ತೆವಳುತ್ತ, ಹೊಟ್ಟೆಯಡಿಯ ಲೇಖನಿಯಿಂದ ಗೆರೆ ಎಳೆಯುವ ಯಾಂತ್ರಿಕ ಆಮೆಯೊಂದು ಆ ಭಾಷೆಯ ಆಜ್ಞೆಗಳನ್ನು ಪಾಲಿಸುತ್ತಿತ್ತು. ಚೌಕ ಬರೆಯಹೋಗಿ ಬೇರೇನೋ ಬರೆದ ಮಗುವು ತಾನು ದಡ್ಡನೆಂದು ಕುಗ್ಗದೆ, ಯಾವ ಆಜ್ಞೆಯನ್ನು ತಿದ್ದಬೇಕೆಂದು ಹುಡುಕುವುದನ್ನು ಪೇಪರ್ಟ್ ಕಂಡರು. ತಪ್ಪು ಎಂಬುದು ನಾಚಿಕೆಯ ವಿಷಯವಾಗದೆ ಹುಡುಕಾಟದ ವಿಷಯವಾಯಿತು.

ಕಲಿಕೆಯನ್ನು ಸ್ಪರ್ಧೆಯಾಗಿ ಮಾರ್ಪಡಿಸಿದವರು ಕೂಡ ಅಧ್ಯಾಪಕರೇ. ಅದೇ ಸಂಸ್ಥೆಯಲ್ಲಿ ೧೯೭೦ರ ದಶಕದಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು ತಮ್ಮ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೇ ಬಗೆಯ ಚಿಲ್ಲರೆ ಸಾಮಾನುಗಳ ಗಂಟನ್ನು ಕೊಟ್ಟು, ಗೊತ್ತಾದ ಒಂದು ಕೆಲಸವನ್ನು ಮಾಡುವ ಯಂತ್ರವನ್ನು ಕಟ್ಟಿರೆಂದು ಹೇಳುತ್ತಿದ್ದರು. ಸಾಮಾನು ಒಂದೇ; ಯಂತ್ರಗಳು ಮಾತ್ರ ನಾನಾ ವಿಧ. ಜಪಾನಿನ ಟೋಕಿಯೋ ತಂತ್ರಜ್ಞಾನ ಸಂಸ್ಥೆಯಲ್ಲಿ ಮಸಾಹಿರೋ ಮೋರಿ ಎಂಬ ಪ್ರಾಧ್ಯಾಪಕರು ೧೯೮೧ರಲ್ಲಿ ಇಂಥದೇ ಪಂದ್ಯವನ್ನು ಆರಂಭಿಸಿದರು. ಅಮೆರಿಕದಲ್ಲಿ ಡೀನ್ ಕೇಮನ್ ಎಂಬ ಉಪಜ್ಞಕಾರರು ೧೯೮೯ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಕಟ್ಟಿದರು. ೧೯೯೨ರಲ್ಲಿ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ ೨೮ ತಂಡಗಳೊಡನೆ ಅದರ ಮೊದಲ ಸ್ಪರ್ಧೆ ನಡೆಯಿತು. ೨೦೦೪ರಲ್ಲಿ ಸಿಂಗಪುರದಲ್ಲಿ ‘ವಿಶ್ವ ರೋಬಾಟ್ ಒಲಿಂಪಿಯಾಡ್’ ಆರಂಭವಾಯಿತು; ೨೦೧೬ರಲ್ಲಿ ಅದರ ಆತಿಥ್ಯ ಭಾರತಕ್ಕೆ ದೊರೆಯಿತು. ಏಷ್ಯಾ ಮತ್ತು ಶಾಂತಸಾಗರ ಪ್ರದೇಶದ ಪ್ರಸಾರ ಸಂಸ್ಥೆಗಳ ಒಕ್ಕೂಟವು ತಾಂತ್ರಿಕ ಕಾಲೇಜುಗಳಿಗಾಗಿ ನಡೆಸುವ ‘ರೋಬೋಕಾನ್’ ೨೦೦೮ರಲ್ಲಿ ಪುಣೆಗೆ ಬಂದಾಗ, ಎತ್ತರದ ಗಡಿಗೆಯಿಂದ ಬೆಣ್ಣೆ ಕದಿಯುವ ಗೋವಿಂದನ ಲೀಲೆಯೇ ಆ ವರ್ಷದ ಪಂದ್ಯದ ವಸ್ತುವಾಯಿತು. ಮೊಸರು ಕುಡಿಕೆಯ ಉತ್ಸವವನ್ನು ಕಂಡ ಮಕ್ಕಳಿಗೆ ಆ ಪಂದ್ಯ ಎಷ್ಟು ಹತ್ತಿರದ್ದೆನಿಸಿರಬೇಕು!

ಇಂಥ ಸ್ಪರ್ಧೆಗಳ ನಿಯಮಗಳು ಗಮನಾರ್ಹವಾಗಿವೆ. ವಿಶ್ವ ಒಲಿಂಪಿಯಾಡಿನಲ್ಲಿ ಪಂದ್ಯದ ದಿನ ಬೆಳಗ್ಗೆ ಒಂದು ಅನಿರೀಕ್ಷಿತ ನಿಯಮವನ್ನು ಪ್ರಕಟಿಸುವ ಪದ್ಧತಿ ಇದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದ ಮಕ್ಕಳು ಆ ಗಳಿಗೆಯಲ್ಲಿ ಹೊಸದಾಗಿ ಆಲೋಚಿಸಬೇಕು. ಮಕ್ಕಳು ಯಂತ್ರವನ್ನು ಸಜ್ಜುಗೊಳಿಸುವ ಜಾಗಕ್ಕೆ ತರಬೇತುದಾರರು ಕಾಲಿಡುವಂತಿಲ್ಲ. ಬಾಯಿಪಾಠದ ವಿದ್ಯೆಯೂ ಎರವಲು ತಂದ ಬುದ್ಧಿಯೂ ಅಲ್ಲಿ ಕೈಕೊಡುತ್ತವೆ. ‘ಫಸ್ಟ್’ ಸಂಸ್ಥೆಯ ಪ್ರೌಢಶಾಲಾ ಪಂದ್ಯದಲ್ಲಿ ಮೂರು ಮೂರು ತಂಡಗಳು ಒಂದು ಕೂಟವಾಗಿ ಆಡುತ್ತವೆ. ಈ ಆಟದ ಎದುರಾಳಿಗಳು ಮುಂದಿನ ಆಟದಲ್ಲಿ ಒಂದೇ ಕೂಟಕ್ಕೆ ಸೇರಬಹುದು. ಆದ್ದರಿಂದ ಎದುರಾಳಿಯ ಯಂತ್ರ ಕೆಟ್ಟು ನಿಂತರೆ ತನ್ನ ಪೆಟ್ಟಿಗೆಯ ಸಾಮಾನನ್ನು ಕೊಟ್ಟು ಸರಿಪಡಿಸಲು ನೆರವಾಗುವುದು ಅಲ್ಲಿ ಮೆಚ್ಚುಗೆಗೆ ಪಾತ್ರವಾದ ನಡೆ. ಗೆಲ್ಲುವ ಛಲವೂ ಸೌಜನ್ಯವೂ ಒಟ್ಟಿಗೆ ಇರಬಲ್ಲವೆಂಬುದು ವುಡಿ ಫ್ಲವರ್ಸ್ ಅವರು ಆ ಪಂದ್ಯಗಳಿಗೆ ಕೊಟ್ಟ ನೀತಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಸ್ಪರ್ಧೆಯು ಬೆಳೆದಂತೆ ಅದರ ಸುತ್ತ ಮಾರುಕಟ್ಟೆಯೂ ಬೆಳೆಯುತ್ತದೆ. ದುಬಾರಿಯಾದ ಸಿದ್ಧ ಪೆಟ್ಟಿಗೆಗಳನ್ನು ಕೊಳ್ಳಬಲ್ಲ ನಗರದ ಶಾಲೆಗಳು ಮುಂದೆ ಸಾಗುತ್ತವೆ. ಹಳ್ಳಿಯ ಮಗು ಪ್ರದರ್ಶನದ ಹಗ್ಗದಾಚೆ ನಿಂತು ನೋಡುತ್ತದೆ. ಕೆಲವೆಡೆ ಯಂತ್ರವನ್ನು ಕಟ್ಟಿದವರು ಹಿರಿಯರು, ಬಹುಮಾನವನ್ನು ಹಿಡಿದು ನಿಂತವರು ಮಕ್ಕಳು ಎಂಬ ಪರಿಸ್ಥಿತಿಯೂ ಒದಗುತ್ತದೆ. ಅಂಥ ಬಹುಮಾನದಿಂದ ಗೋಡೆಗೆ ಶೋಭೆ ಬರಬಹುದೇ ಹೊರತು ಮಗುವಿಗೆ ವಿದ್ಯೆ ಬರುವುದಿಲ್ಲ. ಕೊಂಡು ತಂದ ಬಂಡಿ ಓಡಿದರೆ ಮಗು ಕಲಿತದ್ದು ಅಲ್ಪ. ತಾನು ಕಟ್ಟಿದ ಬಂಡಿ ಓಡದಿದ್ದರೂ ಕಲಿತದ್ದು ಬಹಳ.

ಈ ಅಂತರವನ್ನು ಕಡಿಮೆಮಾಡುವ ಪ್ರಯತ್ನಗಳೂ ನಡೆದಿವೆ. ೨೦೧೬ರಲ್ಲಿ ಆರಂಭವಾದ ಅಟಲ್ ನಾವೀನ್ಯ ಯೋಜನೆಯಡಿ, ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು ಕೈಯಾರೆ ಪ್ರಯೋಗ ಮಾಡಲೆಂದು ದೇಶದ ಹತ್ತು ಸಾವಿರ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳು ಏರ್ಪಟ್ಟವು. ಒಂದೊಂದು ಶಾಲೆಗೆ ೨೦ ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯಿತು. ಸರ್ಕಾರಿ ಶಾಲೆಗಳಲ್ಲಿ ಇನ್ನೂ ೫೦,೦೦೦ ಪ್ರಯೋಗಶಾಲೆಗಳನ್ನು ಐದು ವರ್ಷಗಳಲ್ಲಿ ತೆರೆಯುವುದಾಗಿ ೨೦೨೫ರ ಕೇಂದ್ರ ಮುಂಗಡಪತ್ರ ಘೋಷಿಸಿತು. ಹೊಸ ಕಲ್ಪನೆಯುಳ್ಳ ವಿದ್ಯಾರ್ಥಿಗೆ ಮಾದರಿ ತಯಾರಿಸಲು ಹತ್ತು ಸಾವಿರ ರೂಪಾಯಿ ನೀಡುವ ‘ಇನ್‌ಸ್ಪೈರ್ ಮಾನಕ್’ ಪುರಸ್ಕಾರವಿದೆ. ತಮ್ಮ ಊರಿನ ಸಮಸ್ಯೆಯನ್ನೇ ಮಕ್ಕಳು ಅಧ್ಯಯನ ಮಾಡಿ ಮಂಡಿಸುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವು ೧೯೯೩ರಲ್ಲಿ ಆರಂಭವಾಯಿತು. ಇಷ್ಟಾದರೂ ದೇಶದ ಒಟ್ಟು ಶಾಲೆಗಳಲ್ಲಿ ಇಂಥ ಪ್ರಯೋಗಶಾಲೆ ಇರುವವು ಅತ್ಯಲ್ಪ. ಉಳಿದ ಶಾಲೆಗಳು ಕೈಕಟ್ಟಿ ಕುಳಿತಿರಬೇಕೆ?

ಹಾಗೇನೂ ಇಲ್ಲ. ೨೦೦೫ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಅಗ್ಗವಾಗಿ ದೊರೆಯಲೆಂದು ರೂಪಿಸಿದ ‘ಆರ್ಡುಯಿನೋ’ ಎಂಬ ಪುಟ್ಟ ಗಣಕಫಲಕದ ರಚನೆಯನ್ನು ಯಾರು ಬೇಕಾದರೂ ಬಳಸಬಹುದು. ಕೆಟ್ಟ ಆಟಿಕೆಯ ಮೋಟಾರು, ಹಳೆಯ ರೇಡಿಯೋದ ತಂತಿ, ಔಷಧಿಯ ಸೀಸೆಯ ಮುಚ್ಚಳದ ಗಾಲಿ, ಒಣಗಿದ ಅಡಕೆ ಹಾಳೆಯ ಒಡಲು: ಬಂಡಿಗೆ ಇಷ್ಟು ಸಾಕು. ಮಲೆನಾಡಿನ ಪಟ್ಟಣಗಳಲ್ಲಿ ಪಂಪುಸೆಟ್ಟು ರಿಪೇರಿ ಮಾಡುವವರು, ಬೆಸುಗೆ ಹಾಕುವವರು, ಬಡಗಿಗಳು ಎಲ್ಲರೂ ಇದ್ದಾರೆ. ಶಾಲೆಯ ಬಾಗಿಲು ಅವರಿಗೆ ತೆರೆದರೆ ಅವರೇ ಗುರುಗಳಾಗುತ್ತಾರೆ. ಸಾಗರದ ಗುಡಿಗಾರರು ಉಳಿಯ ತುದಿಯಿಂದ ಗಂಧದ ಮರದಲ್ಲಿ ಜೀವ ತುಂಬಿದವರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಮ್, ಅಡಕೆ ಬೆಳೆಗಾರರ ಹಳ್ಳಿಯೊಂದು ಲೋಕದ ರಂಗಭೂಮಿಯನ್ನು ತನ್ನ ಅಂಗಳಕ್ಕೆ ಬರಮಾಡಿಕೊಳ್ಳಬಲ್ಲದೆಂದು ತೋರಿಸಿತು. ನಾಟಕವನ್ನು ಕರೆತಂದ ಅಂಗಳಕ್ಕೆ, ನಾಟಕದಲ್ಲಿಯೇ ಹೆಸರು ಪಡೆದ ರೋಬಾಟು ಬಾರದೆ?

ಇಲ್ಲಿ ಮುಖ್ಯ ಅಡ್ಡಿ ಹಣಕ್ಕಿಂತ ಮನೋಭಾವದ್ದು. ಓದಿದವನು ಕೈಗೆ ಎಣ್ಣೆ ಮಸಿ ಅಂಟಿಸಿಕೊಳ್ಳಬಾರದು, ಕೈಕೆಲಸ ಮಾಡುವವನಿಗೆ ಓದು ಬೇಕಿಲ್ಲ ಎಂಬ ಹಳೆಯ ಗೋಡೆ ಇನ್ನೂ ಪೂರ್ಣವಾಗಿ ಬಿದ್ದಿಲ್ಲ. ಹುಡುಗಿಯರ ಕೈಗೆ ತಿರುಪುಳಿ ಕೊಡಲು ಹಿಂಜರಿಯುವ ಹಿರಿಯರೂ ಇದ್ದಾರೆ. ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯೆಲ್ಲ ಅಡಕೆ ಸುಲಿದ ಹೆಂಗಸರ ಕೈಚಳಕವನ್ನು ಕಂಡ ನಾಡಿನಲ್ಲಿ ಇಂಥ ಹಿಂಜರಿಕೆಗೆ ಅರ್ಥವಿಲ್ಲ. ರೋಬಾಟನ್ನು ಕಟ್ಟುವ ಮೇಜಿನ ಸುತ್ತ ಗಣಿತ ಬಲ್ಲವನು, ಮರ ಕೊರೆಯಬಲ್ಲವಳು, ಚಿತ್ರ ಬರೆಯಬಲ್ಲವನು, ನಾಲ್ಕು ಜನರ ಮುಂದೆ ವಿವರಿಸಬಲ್ಲವಳು ಎಲ್ಲರೂ ಬೇಕು. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೆನಿಸಿದವನು ಅಲ್ಲಿ ಮುಂದಾಳಾಗುವುದು ಅಪರೂಪವಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಅಡಕೆಯ ಮರವನ್ನು ಏರುವ ಯಂತ್ರವನ್ನು ಮಕ್ಕಳು ಕಟ್ಟಹೊರಟರೆಂದು ಇಟ್ಟುಕೊಳ್ಳೋಣ. ಕಾಂಡವನ್ನು ಗಾಲಿಗಳಿಂದ ಬಿಗಿಹಿಡಿದು ಮೋಟಾರಿನಿಂದ ಮೇಲೇರುವುದು ಸಹಜವಾಗಿ ಹೊಳೆಯುವ ಉಪಾಯ. ಆದರೆ ಮರ ಮೇಲೆ ಹೋದಂತೆ ಸಣ್ಣಗಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಸ್ಪ್ರಿಂಗು ಹಾಕಿ ಬಿಗಿದರೆ ಬುಡದಲ್ಲಿ ಗಾಲಿ ತಿರುಗದು. ಮಳೆಯಲ್ಲಿ ಕಾಂಡ ಜಾರುತ್ತದೆ. ಗಾಲಿಗೆ ಮುಳ್ಳು ಹಾಕಿದರೆ ತೊಗಟೆ ಗಾಯಗೊಳ್ಳುತ್ತದೆ. ಯಂತ್ರ ಭಾರವಾದರೆ ಎಳೆಯ ಮರ ಬಾಗುತ್ತದೆ. ಏರಿದ ಯಂತ್ರ ಮೇಲೆ ನಿಂತುಹೋದರೆ ಅದನ್ನು ಇಳಿಸಲು ಮತ್ತೆ ಕೊನೆಗಾರನನ್ನೇ ಕರೆಯಬೇಕು! ಇಷ್ಟೆಲ್ಲ ತೊಡಕುಗಳನ್ನು ಕಂಡ ಮೇಲೆ, ಬರಿಯ ಎರಡು ಕಾಲು ಮತ್ತು ಒಂದು ತಳೆಯಿಂದ ಮರವನ್ನು ಏರಿ, ಹಿಡಿತವನ್ನು ಹೆಜ್ಜೆಹೆಜ್ಜೆಗೂ ತಿದ್ದಿಕೊಂಡು, ಮರದಿಂದ ಮರಕ್ಕೆ ದಾಟುವ ಮನುಷ್ಯನ ಬಗೆಗೆ ಮಕ್ಕಳಲ್ಲಿ ಗೌರವ ಹುಟ್ಟುತ್ತದೆ. ಯಂತ್ರವನ್ನು ಕಟ್ಟುವ ಮುನ್ನ ಅವನ ಬಳಿ ಹೋಗಿ ಕೇಳಿ ಕಲಿಯಬೇಕೆಂಬ ವಿವೇಕವೂ ಮೂಡುತ್ತದೆ.

ಆಗ ಇನ್ನೊಂದು ಪ್ರಶ್ನೆ ಏಳುತ್ತದೆ. ಬೇಕಾಗಿರುವುದು ಮರ ಏರುವುದೋ, ಔಷಧಿ ಗೊನೆಗೆ ತಲುಪುವುದೋ? ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳಿದವರಿಗೆ ಬೇರೆಯೇ ದಾರಿ ತೆರೆಯಿತು. ಹಗುರವೂ ಗಟ್ಟಿಯೂ ಆದ ಕಾರ್ಬನ್ ನಾರಿನ ಉದ್ದನೆಯ ದೋಟಿಗಳು ಇತ್ತೀಚಿನ ವರ್ಷಗಳಲ್ಲಿ ತೋಟಗಳಿಗೆ ಬಂದಿವೆ. ಅವುಗಳ ನೆರವಿನಿಂದ ಕೆಲಸಗಾರನು ನೆಲದ ಮೇಲೆ ನಿಂತುಕೊಂಡೇ ಔಷಧಿ ಸಿಂಪಡಿಸುತ್ತಾನೆ, ಗೊನೆಯನ್ನೂ ಇಳಿಸುತ್ತಾನೆ. ಆ ದೋಟಿಗೆ ಮೋಟಾರಿಲ್ಲ, ಗಣಕವಿಲ್ಲ; ಆದರೂ ಅದು ಎಷ್ಟೋ ಜನರ ಕಾಲನ್ನು ನೆಲದ ಮೇಲೆ ಉಳಿಸಿತು. ಎಲ್ಲ ಕಷ್ಟಕ್ಕೂ ರೋಬಾಟೇ ಮದ್ದು ಎಂದು ತಿಳಿಯುವವನು ಒಳ್ಳೆಯ ಯಂತ್ರಶಿಲ್ಪಿಯಾಗಲಾರ. ಎಲ್ಲಿ ಉದ್ದನೆಯ ಕೋಲು ಸಾಕು, ಎಲ್ಲಿ ಯಂತ್ರಕ್ಕೆ ಕಣ್ಣು ಬೇಕು ಎಂಬುದನ್ನು ಬಲ್ಲವನೇ ಜಾಣ.

ಕಣ್ಣು ಬೇಕಾದ ಕೆಲಸಗಳು ಅಡಕೆಯ ಮನೆಯಲ್ಲಿ ಬೇಕಾದಷ್ಟಿವೆ. ಸುಲಿಯುವ ಯಂತ್ರಗಳು ಮಲೆನಾಡಿನಲ್ಲಿ ಈಗ ಬಳಕೆಗೆ ಬಂದಿವೆ. ಆದರೆ ಕಾಯಿಗಳು ಒಂದೇ ಗಾತ್ರದವಲ್ಲ. ಬೇಯಿಸಿ ಒಣಗಿಸಿದ ಅಡಕೆಯನ್ನು ಹಸ, ಬೆಟ್ಟೆ, ಇಡಿ, ಗೊರಬಲು ಎಂದು ವಿಂಗಡಿಸುವವರು ಬಣ್ಣ, ಆಕಾರ, ಸುಕ್ಕುಗಳನ್ನು ಒಂದೇ ನೋಟದಲ್ಲಿ ಅಳೆಯುತ್ತಾರೆ. ಆ ನೋಟದ ನಿಯಮವೇನೆಂದು ಅವರನ್ನು ಕೇಳಿದರೆ ಮಾತಿನಲ್ಲಿ ಹೇಳುವುದು ಅವರಿಗೂ ಕಷ್ಟ. ಅಂಗಳದಲ್ಲಿ ಅಡಕೆ ಒಣಗಿರುವಾಗ ಮೋಡ ಕವಿದುದನ್ನು ಅರಿತು ಹೊದಿಕೆ ಎಳೆಯುವ ಯಂತ್ರ, ಅಡಕೆ ಆರಿದ ಮಟ್ಟವನ್ನು ತಿಳಿಸುವ ಯಂತ್ರ, ಬಂದದ್ದು ಹಂದಿಯೋ ಹಸುವೋ ಎಂದು ಗುರುತಿಸುವ ಯಂತ್ರ: ಇವು ಮಕ್ಕಳ ಅಳವಿಗೆ ಮೀರಿದವಲ್ಲ. ತಾಲ್ಲೂಕಿನ ವಿಜ್ಞಾನ ಮೇಳಗಳಲ್ಲಿ ಇಂಥ ಸಮಸ್ಯೆಗಳನ್ನೇ ಪಂದ್ಯದ ವಸ್ತುವಾಗಿಟ್ಟರೆ, ಯಾವುದೋ ಊರಿನಿಂದ ಬಂದ ಸಿದ್ಧ ಪೆಟ್ಟಿಗೆಯ ಸಿದ್ಧ ಆಟಕ್ಕಿಂತ ಮಿಗಿಲಾದ ಫಲ ದೊರೆಯುವುದು ನಿಶ್ಚಯ. ತೀರ್ಪುಗಾರರ ಸಾಲಿನಲ್ಲಿ ಒಬ್ಬ ಕೊನೆಗಾರನಿಗೂ ಅಡಕೆ ವಿಂಗಡಿಸುವ ಒಬ್ಬ ಹೆಂಗಸಿಗೂ ಆಸನವಿರಬೇಕು.

ಯಂತ್ರ ಬಂದರೆ ಕೊನೆಗಾರನ ಗತಿಯೇನು ಎಂಬ ಪ್ರಶ್ನೆಯನ್ನು ಇಲ್ಲಿ ಮರೆಯಲಾಗದು. ಚಾಪೆಕ್‌ನ ನಾಟಕವು ಕೇಳಿದ್ದು ಕೂಡ ಇಂಥದೇ ಪ್ರಶ್ನೆ: ದುಡಿಮೆಯನ್ನೆಲ್ಲ ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನುಷ್ಯನಿಗೆ ಉಳಿಯುವುದೇನು? ಯಂತ್ರವು ಅವನ ಅಪಾಯವನ್ನು ತೆಗೆದುಕೊಳ್ಳಲಿ, ಅನ್ನವನ್ನು ತೆಗೆದುಕೊಳ್ಳದಿರಲಿ ಎಂಬುದು ಎಲ್ಲರ ಹಾರೈಕೆ. ಆದರೆ ಹಾರೈಕೆಯೊಂದೇ ಸಾಲದು. ದೋಟಿ ಹಿಡಿಯುವವನೂ, ಯಂತ್ರವನ್ನು ನಡೆಸಿ ರಿಪೇರಿ ಮಾಡುವವನೂ ಅದೇ ಕೊನೆಗಾರನ ಮಗನೋ ಮಗಳೋ ಆಗಬೇಕಾದರೆ, ಆ ಮಗುವಿನ ಕೈಗೆ ಶಾಲೆಯಲ್ಲಿಯೇ ಮೋಟಾರೂ ತಂತಿಯೂ ಬರಬೇಕು. ರೋಬಾಟಿನ ವಿದ್ಯೆ ಹಣವಂತರ ಮಕ್ಕಳ ವಿನೋದವಾಗಿ ಉಳಿದರೆ ಯಂತ್ರ ಒಬ್ಬರದು, ನಷ್ಟ ಇನ್ನೊಬ್ಬರದು ಎಂದಾಗುತ್ತದೆ. ಎಲ್ಲರ ಮಕ್ಕಳಿಗೂ ಅದು ದೊರೆತಾಗಲೇ ಯಂತ್ರ ಎಲ್ಲರದು.

ಸ್ಪರ್ಧೆಯ ಗೆಲುವು ಒಂದು ದಿನದ ಸಂಭ್ರಮ. ಬಂಡಿ ಗೆರೆಯನ್ನು ತಪ್ಪಿದಾಗ ಅಳದೆ, ಬೇರೆಯವರನ್ನು ದೂರದೆ, ನೆಲದ ಮೇಲೆ ಮಂಡಿಯೂರಿ ಕುಳಿತು ‘ಇದು ಏಕೆ ಹೀಗಾಯಿತು?’ ಎಂದು ನೋಡುವ ಅಭ್ಯಾಸ ಜೀವನಪೂರ್ತಿ ಉಳಿಯುವ ಸಂಪತ್ತು. ಮಕ್ಕಳು ಯಂತ್ರಕ್ಕೆ ಕಣ್ಣು ಕೊಡಲು ಹೊರಡುತ್ತಾರೆ. ಆ ಕೆಲಸದಲ್ಲಿ ತೊಡಗಿದವರಿಗೆ ತಮ್ಮ ಅಂಗಳ, ತಮ್ಮ ತೋಟ, ತಮಗಾಗಿ ಮರವೇರಿದ ಮನುಷ್ಯ ಎಲ್ಲವೂ ಹೊಸದಾಗಿ ಕಾಣತೊಡಗುತ್ತವೆ. ಕಣ್ಣು ಮೊದಲು ದೊರೆಯುವುದು ಮಕ್ಕಳಿಗೇ.